ಶಾಲು ಸಾಕು, ಮೈಕ್ ಹಿಡೀರಿ

ನಮ್ಮ ಕಡೆ ಕಲಾವಿದರ ಸನ್ಮಾನಕ್ಕೇನೂ ಬರ ಇಲ್ಲ. ಬಾಗಲಕೋಟೆಯಿಂದ ಇಳಕಲ್‌ವರೆಗೆ ಯಾವ ಊರಿನ ಕಾರ್ಯಕ್ರಮಕ್ಕೆ ಹೋದರೂ ವೇದಿಕೆ ಮೇಲೆ ಕಂಪನಿ ನಾಟಕದ ಒಬ್ಬ ಹಳೇ ನಟರೋ, ಒಬ್ಬ ಪೇಟಿ ಮಾಸ್ತರರೋ ಕೂತಿರ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಗ್ತದೆ. ಆಮೇಲೆ 'ಎರಡು ಮಾತಾಡ್ರಿ' ಅಂತ ಮೈಕ್ ಕೊಡ್ತಾರೆ. ಐವತ್ತು ವರ್ಷದ ಬದುಕಿನ ಮೊದಲ ವರ್ಷಕ್ಕೆ ಅವರು ಬರೋದ್ರೊಳಗೆ ನಿರೂಪಕ ಬೆನ್ನ ಹಿಂದೆ ನಿಂತಿರ್ತಾನೆ. ಸಮಯದ ಅಭಾವ! ನನ್ನ ಪ್ರಕಾರ ಇದು ಬಾಯಿ ಮುಚ್ಚಿಸುವ ಸಭ್ಯ ವಿಧಾನ.

ಇನ್ನು ಬೆಂಗಳೂರಿನ ನಾವು. ವಾರಾಂತ್ಯಕ್ಕೆ ಜಾಝ್ ಕೇಳ್ತೀವಿ, ಸತ್ತು ಎಷ್ಟೋ ವರ್ಷವಾದ ಜಾಝ್ ದಿಗ್ಗಜರ ಹಳೇ ಸಂದರ್ಶನ ಹುಡುಕಿ ನೋಡ್ತೀವಿ. ಖಂಡಿತ ನೋಡಬೇಕು. ಆದರೆ ಆ ಸಂದರ್ಶನಗಳು ಉಳಿದದ್ದು ಹೇಗೆ ಅಂತಲೂ ತಿಳಿದಿರಬೇಕು. 1938ರಲ್ಲಿ ಅಲನ್ ಲೋಮ್ಯಾಕ್ಸ್ ಅನ್ನೋ ಯುವಕ, ಜೆಲ್ಲಿ ರೋಲ್ ಮಾರ್ಟನ್‌ನನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕರೆತಂದು ಪಿಯಾನೋ ಮುಂದೆ ಕೂರಿಸಿದ. ಆ ಹೊತ್ತಿಗೆ ಮಾರ್ಟನ್‌ನನ್ನು ಜನ ಮರೆತಿದ್ದರು. ವಾಷಿಂಗ್ಟನ್ನಿನ ಒಂದು ಸಣ್ಣ ಕ್ಲಬ್ಬಿನಲ್ಲಿ ಬಾರಿಸಿಕೊಂಡಿದ್ದ. ಬಾರಿಸ್ತಾ, ಹಾಡ್ತಾ ಎಂಟು ಗಂಟೆಗೂ ಹೆಚ್ಚು ಮಾತಾಡಿದ. ನ್ಯೂ ಆರ್ಲಿಯನ್ಸಿನ ಜೂಜು, ಸೂಳೆಗೇರಿ, ಹೆಣದ ಮೆರವಣಿಗೆ, ತನ್ನ ಜಂಬ ಎಲ್ಲ ಬಂತು. ಪೋಲಿ ಹಾಡು ದಶಕಗಟ್ಟಲೆ ಹೊರಗೆ ಬರಲಿಲ್ಲ, ಆದರೆ ಯಾರೂ ಅಳಿಸಲಿಲ್ಲ. 1941ರಲ್ಲಿ ಆತ ಸತ್ತ. ಪೂರ್ತಿ ಧ್ವನಿಮುದ್ರಣ 2005ರಲ್ಲಿ ಬಂತು. ಮೂರು ವರ್ಷ ತಡ ಮಾಡಿದ್ದರೆ ಏನೂ ಇರ್ತಿರಲಿಲ್ಲ.

ಈಗ ನಮ್ಮ ಲೆಕ್ಕ ನೋಡಿ. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ಇಡೀ ದೇಶಕ್ಕೆ ಗೊತ್ತಾದರು. ತೀರಿಕೊಂಡದ್ದು 1965ರಲ್ಲಿ. ರಹಮತ್ ತರೀಕೆರೆ ಅವರ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದಾಗ ನಲವತ್ತು ವರ್ಷಕ್ಕೂ ಮೇಲಾಗಿತ್ತು. ಒಳ್ಳೇ ಪುಸ್ತಕ. ಆದರೆ ಬೀಳಗಿಯಿಂದ ಮುಂಬೈಗೆ ಹೋದ ಹೆಣ್ಣುಮಗಳನ್ನು 'ಅವ್ವಾ, ಹೆಂಗ ಹೋದಿ, ಯಾರು ಏನಂದ್ರು?' ಅಂತ ಕೇಳುವ ಕಾಲ ದಾಟಿತ್ತು.

ಕೇಳಿದರೆ ಏನಾಗ್ತದೆ ಅನ್ನೋದಕ್ಕೂ ಉದಾಹರಣೆ ಇದೆ. ಏಣಗಿ ಬಾಳಪ್ಪನವರ ಬದುಕನ್ನು ಅವರ ಬಾಯಿಂದಲೇ ಕೇಳಿ 'ಬಣ್ಣದ ಬದುಕಿನ ಚಿನ್ನದ ದಿನಗಳು' ಮಾಡಿದವರು ನಮ್ಮ ಕಡೆಯ ಪತ್ರಕರ್ತ ಗಣೇಶ ಅಮೀನಗಡ. ಬಾಳಪ್ಪನವರು 2017ರಲ್ಲಿ, ನೂರು ದಾಟಿದ ಮೇಲೆ ಹೋದರು. ಎಲ್ಲರಿಗೂ ಅಷ್ಟು ಆಯುಷ್ಯ ಇರಲ್ಲ.

'ಪುಸ್ತಕ ಇದಾವಲ್ಲ, ಸಾಲದಾ?' ಅಂತೀರಿ. ಸಾಲದು. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ಅಚ್ಚಿನಲ್ಲಿದೆ. ಆ ಉದ್ದುದ್ದ ಮಾತನ್ನು ಎಲ್ಲಿ ಉಸಿರು ತಗೊಂಡು, ಎಲ್ಲಿ ತಡೆದು, ಎಲ್ಲಿ ಪೇಟಿಗೆ ಜಾಗ ಬಿಟ್ಟು ಹೇಳಬೇಕು ಅನ್ನೋದು ಅಚ್ಚಿನಲ್ಲಿ ಇಲ್ಲ, ನಟರ ಗಂಟಲಲ್ಲಿದೆ. ರಾಯರು ಹೋದದ್ದು 1966ರಲ್ಲಿ. ಆಗ ಇಪ್ಪತ್ತರ ಹರೆಯದಲ್ಲಿ ಬಣ್ಣ ಹಚ್ಚಿದವರು ಈಗ ಎಂಬತ್ತರ ಆಸುಪಾಸು. ಮೇಲಾಗಿ ಪುಸ್ತಕ ಮಾಡುವಾಗ ನಾವು ಅವರ ಭಾಷೆ 'ಸರಿ' ಮಾಡಿಬಿಡ್ತೀವಿ. 'ಹೋಗಿದ್ನಿ' ಅಂದದ್ದು 'ಹೋಗಿದ್ದೆನು' ಆಗ್ತದೆ, ಬೈಗುಳ ಮಾಯ ಆಗ್ತದೆ.

'ಅವರು ಉತ್ಪ್ರೇಕ್ಷೆ ಮಾಡ್ತಾರೆ' ಅನ್ನೋದು ಇನ್ನೊಂದು ತಕರಾರು. ಮಾರ್ಟನ್ ಜಾಝ್ ಹುಟ್ಟಿಸಿದ್ದೇ ತಾನು ಅಂತಿದ್ದ. ಧ್ವನಿ ಇದ್ದದ್ದಕ್ಕೇ ಇವತ್ತು ಸುಳ್ಳು ಯಾವುದು, ಖರೆ ಯಾವುದು ಅಂತ ಜಗಳ ಆಡಬಹುದು. ಮಾತೇ ಇಲ್ಲದಿದ್ದರೆ ಜಗಳ ಎಲ್ಲಿಂದ?

'ಸರ್ಕಾರ ಮಾಡಬೇಕು.' ಮಾಡಲಿ, ಅದು ಅದರ ಕೆಲಸವೇ. ಆದರೆ ಟೆಂಡರ್ ಮುಗಿಯೋವರೆಗೆ ಯಾರ ವಯಸ್ಸೂ ನಿಲ್ಲಲ್ಲ.

ಇನ್ನು ಪ್ರಶ್ನೆಗಳು. 'ನಿಮ್ಮ ಪಾಲಿಗೆ ಕಲೆ ಅಂದರೇನು?' ಅಂತ ಕೇಳಿದರೆ 'ದೇವರು' ಅಂತಾರೆ, ಮುಗೀತು. ಬದಲಿಗೆ ಕೆಲಸದ ಬಗ್ಗೆ ಕೇಳಿ. ಮೈಕ್ ಇಲ್ಲದಾಗ ಕೊನೇ ಸಾಲಿಗೆ ದನಿ ಹೆಂಗ ಮುಟ್ಟಿಸ್ತಿದ್ರಿ? ನಿಮ್ಮ ಸುರ ಕರಿ ಎರಡೋ, ಬಿಳಿ ನಾಲ್ಕೋ? ಮಳೆ ಬಂದು ಕ್ಯಾಂಪು ಮುಳುಗಿದರೆ ಪಗಾರ ಯಾರು ಕೊಡ್ತಿದ್ರು? ಊಟಕ್ಕೆ ಯಾರು ಯಾರ ಪಂಕ್ತಿಯಲ್ಲಿ ಕೂರ್ತಿದ್ರು? ಹಳ್ಳಿ ನಾಟಕಕ್ಕೆ ಒಂದು ರಾತ್ರಿಗೆ ಅಂತ ಹೋದ ನಟಿಗೆ ಪರದೆ ಬಿದ್ದ ಮೇಲೆ ಮಲಗಲು ಜಾಗ ಎಲ್ಲಿ ಕೊಡ್ತಿದ್ರು? ಈ ಕೊನೇ ಪ್ರಶ್ನೆ ಯಾರೂ ಕೇಳಲ್ಲ. ಉತ್ತರದಲ್ಲಿ ನಮ್ಮ ಅಪ್ಪ-ಅಜ್ಜಂದಿರ ಊರುಗಳ ಹೆಸರು ಬರ್ತವೆ ಅನ್ನೋ ಭಯ.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಇವತ್ತಿಗೂ ವಾರಗಟ್ಟಲೆ ಡೇರೆ ಹಾಕ್ತವೆ. ನಾವು ಹೋಗ್ತೀವಿ, ಹೊರಗಿನ ಬೋರ್ಡಿನ ಡಬಲ್ ಮೀನಿಂಗ್ ಹೆಸರಿನ ಫೋಟೋ ಹೊಡೆದು ಗ್ರೂಪಿಗೆ ಹಾಕಿ ನಗ್ತೀವಿ. ಆ ಡೇರೆಯ ಹಿಂದೆ ಚಾ ಕುಡೀತಾ ಕೂತವರಲ್ಲಿ ಹಳೇ ಕಂಪನಿಗಳ ಕಥೆ ಬಲ್ಲವರಿದ್ದಾರೆ. ಎಲ್ಲರ ಜೇಬಲ್ಲೂ ಲೋಮ್ಯಾಕ್ಸ್ ಹೊತ್ತು ತಿರುಗಿದ ಯಂತ್ರಕ್ಕಿಂತ ಉತ್ತಮ ಯಂತ್ರ ಇದೆ. ಒಂದು ಕಾಲರ್ ಮೈಕಿಗೆ ನಮ್ಮ ಒಂದು ಶನಿವಾರದ ಬಿಲ್ಲಿನಷ್ಟೂ ಆಗಲ್ಲ.

ಹೋದರೆ ಮೂರು ಕೆಲಸ ಮಾಡಿ. ಒಂದು, ದುಡ್ಡು ಕೊಡಿ. ಅವರ ಒಂದು ಪಾರ್ಟಿನ ಸಂಭಾವನೆ ಎಷ್ಟೋ ಅಷ್ಟು. ಪುಕ್ಕಟೆ ಮಾತಾಡಿಸೋದು ಶಾಲಿಗಿಂತ ಕೆಟ್ಟದ್ದು. ಎರಡು, ಯಾವ ಮಾತು ಈಗ ಹೊರಗೆ ಬರಬಾರದು ಅಂತ ಅವರನ್ನೇ ಕೇಳಿ, ಬರಕೊಳ್ಳಿ, ಆದರೆ ಕತ್ತರಿಸಬೇಡಿ. ಮೂರು, ಮೂವತ್ತು ಸೆಕೆಂಡಿನ ರೀಲು ಮಾಡಿ ಮೂಲ ಕಳೀಬೇಡಿ. ಪೂರ್ತಿ ಫೈಲು ಅವರ ಮನೆಯವರಿಗೊಂದು ಪ್ರತಿ, ಊರಿನ ಕಾಲೇಜು ಲೈಬ್ರರಿಗೊಂದು ಪ್ರತಿ. ಅವರು ಒಪ್ಪಿದ ಭಾಗ ಇಂಟರ್ನೆಟ್ ಆರ್ಕೈವ್‌ಗೆ.

ಆಫೀಸಿನ ಸರ್ವರಿಗೆ ಮೂರು ಕಡೆ ಬ್ಯಾಕಪ್ ಇಡೋ ನಮಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.