ಶಾರ್ಕ್ ರೆಕ್ಕೆಯ ಶೋಕಿ

ಕಾರಿನ ತಲೆ ಮೇಲೆ ಶಾರ್ಕ್ ಮೀನಿನ ರೆಕ್ಕೆಯಂಥದ್ದೊಂದು ಇದ್ದರೆ ಮಾಡರ್ನು, ಉದ್ದ ಕಡ್ಡಿ ಇದ್ದರೆ ಓಬೀರಾಯನ ಕಾಲದ್ದು. ಹೀಗಂತ ತೀರ್ಮಾನ ಮಾಡಿದ್ದು ಯಾರು ಮಾರಾಯ್ರೆ? ತೀರ್ಥಹಳ್ಳಿಯಿಂದ ಆಗುಂಬೆಗೆ ರೇಡಿಯೋ ಹಾಕ್ಕೊಂಡು ಹೋದವರಂತೂ ಅಲ್ಲ.

ಆಂಟೆನಾದ ಉದ್ದ ಫ್ಯಾಷನ್ ಅಲ್ಲ, ಲೆಕ್ಕ. ಭದ್ರಾವತಿ ಆಕಾಶವಾಣಿಯ ಎಫ್‌ಎಂ ಬರೋದು 103.5 ಮೆಗಾಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ ಸುಮಾರು 2.9 ಮೀಟರ್. ಅದರ ಕಾಲು ಭಾಗದಷ್ಟು, ಅಂದರೆ 72 ಸೆಂಟಿಮೀಟರ್ ಕಡ್ಡಿ ನೆಟ್ಟರೆ ಉಳಿದರ್ಧ ಕೆಲಸವನ್ನು ಕೆಳಗಿನ ತಗಡಿನ ಟಾಪೇ ಮಾಡುತ್ತೆ. ಹಳೇ ಕಾರುಗಳಲ್ಲಿ ಮಾರುದ್ದ ಕಾಣ್ತಿದ್ದ ಕಡ್ಡಿಯ ಗುಟ್ಟು ಇದೇ. ರೆಕ್ಕೆಯ ಎತ್ತರ ಒಂದು ಗೇಣೂ ಇಲ್ಲ. ಒಳಗೆ ತಂತಿ ಸುರುಳಿ ಸುತ್ತಿ, ಆಂಪ್ಲಿಫೈಯರ್ ಕೂರಿಸಿ ಸರಿದೂಗಿಸ್ತಾರೆ. ಪಾಪ, ಆಂಪ್ಲಿಫೈಯರ್‌ಗೆ ವಾರ್ತೆ ಯಾವುದು, ಗೊರಗೊರ ಯಾವುದು ಗೊತ್ತಾಗಲ್ಲ; ಎರಡನ್ನೂ ದೊಡ್ಡದು ಮಾಡುತ್ತೆ. ಇನ್ನು ಶೋಕಿಗೆ ಅಂಟಿಸೋ ಕೆಲವು ರೆಕ್ಕೆಗಳೊಳಗೆ ತಂತಿಯೇ ಇಲ್ಲ, ಬರೀ ಪ್ಲಾಸ್ಟಿಕ್!

ಬೆಂಗಳೂರಲ್ಲಿ ಗಿಡ್ಡ ಆಂಟೆನಾ ನಡೆಯುತ್ತೆ, ಪ್ರಸಾರದ ಗೋಪುರ ಊರೊಳಗೇ ಇದೆ. ಎಫ್‌ಎಂ ಅಲೆಯದು ಹೆಚ್ಚುಕಮ್ಮಿ ನೇರ ದಾರಿ. ಗುಡ್ಡ ಅಡ್ಡ ಬಂದರೆ ಹಿಂದೆ ನೆರಳು. ಹೊಸನಗರದಿಂದ ನಗರ ದಾಟಿ ಹುಲಿಕಲ್ ಘಾಟಿಗೆ, ಸಾಗರದಿಂದ ಜೋಗದ ಆಚೆಗೆ ಹೋಗಿ ನೋಡಿ. ದಾರಿ ಅಂದ್ರೇ ಗುಡ್ಡ, ಕಣಿವೆ. ಆ ನೆರಳಲ್ಲಿ ಉಳಿದ ಚೂರುಪಾರು ಸಿಗ್ನಲ್ ಹಿಡಿಯೋಕೆ ಉದ್ದ ಕಡ್ಡಿಯೇ ಬೇಕು.

‘ಫೋನ್ ಇರುವಾಗ ರೇಡಿಯೋ ಎಂತಕ್ಕೆ?’ ಅಂತೀರಾ? ಆಷಾಢದ ಮಳೆಗೆ ಮರ ಬಿದ್ದು ಕರೆಂಟ್ ಹೋಗಿ, ಟವರಿನ ಬ್ಯಾಟರಿ, ಡೀಸೆಲ್ ಎರಡೂ ಮುಗಿದ ಮೇಲೆ ನಿಮ್ಮ ಫೋನು ಬರೀ ಟಾರ್ಚು. ಆಗ ಮಳೆ ಇನ್ನೆಷ್ಟು ದಿನ, ಘಾಟಿ ಬಂದಾಗಿದೆಯಾ ಅನ್ನೋದು ತಿಳಿಯೋಕೆ ಉಳಿಯೋದು ಅಂಗಳದಲ್ಲಿ ನಿಂತ ಕಾರಿನ ರೇಡಿಯೋ.

ರೆಕ್ಕೆಯೊಳಗೆ ಜಿಪಿಎಸ್ ಇದೆ ಅನ್ನೋದು ಇನ್ನೊಂದು ವಾದ. ಇರಲಿ ಬಿಡಿ. ಅದರ ಅಲೆಯೇ 19 ಸೆಂಟಿಮೀಟರ್, ಗಿಡ್ಡ ಗೂಡು ಸಾಕು. ರೇಡಿಯೋಗೆ ಬೇರೆ ಕಡ್ಡಿ ಕೊಡೋಕೇನು ಕಷ್ಟ? ತೋಟದ ದಾರೀಲಿ ಕೊಂಬೆಗೆ ತಾಗುತ್ತೆ ಅಂದ್ರೆ ಬಾಗೋ ಕಡ್ಡಿ ಕೊಡಿ, ತಿರುಗಿಸಿ ಬಿಚ್ಚಿಡೋ ಹಾಗೆ ಮಾಡಿ.

ಮಲೆನಾಡಿನವರೇ, ಮುಂದಿನ ಸಲ ಕಾರು ನೋಡೋಕೆ ಹೋದಾಗ ಸನ್‌ರೂಫ್ ಆಮೇಲೆ ತೆಗೆಸಿ. ಮೊದಲು ಭದ್ರಾವತಿ ಹಾಕಿ. ಟೆಸ್ಟ್ ಡ್ರೈವ್ ಶೋರೂಮಿನ ಸುತ್ತ ಬೇಡ, ಗುಡ್ಡದ ಹಿಂದಕ್ಕೆ ನಡೀರಿ ಅನ್ನಿ.