ಬ್ಯಾಟ್‌ಮನ್ ಮತ್ತು ನಮ್ಮ ಬಂಗಾರದ ಬಾಲ್ಯ

ಬಂಧುಗಳ ಮನೆಯ ಮದುವೆಗೆಂದು ಶಿವಮೊಗ್ಗಕ್ಕೆ ಹೋಗಿದ್ದಾಗ, ಊಟ ಮುಗಿದು ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ನಮ್ಮ ಚಾಚಾರ ಹಿರಿಮಗ ಜೇಬಿನಿಂದ ಒಂದು ಪುಟ್ಟ ಯಂತ್ರ ಹೊರತೆಗೆದರು. ಅಂಗೈ ಅಗಲದ್ದು, ಚೀನಾದಲ್ಲಿ ತಯಾರಾದದ್ದು. ಹಿಂದಿನ ಕಾಲದ ಸಾವಿರಾರು ವಿಡಿಯೋ ಆಟಗಳನ್ನು ತುಂಬಿಸಿ ಇಂಥವನ್ನು ಈಗ 'ರೆಟ್ರೋ' ಎಂಬ ಹೆಸರಿನಲ್ಲಿ ಮಾರುತ್ತಾರೆ. ಮೂಲೆಯಲ್ಲಿ ಮೊಬೈಲು ಹಿಡಿದು ಕೂತಿದ್ದ ಹನ್ನೆರಡು ವರ್ಷದ ಮಗಳ ಕೈಯಿಂದ ಅದನ್ನು ಕಿತ್ತುಕೊಂಡು ಇದನ್ನಿಟ್ಟರು. "ಆಟ ಅಂದ್ರೆ ಇದು ಬೇಟಿ. ನಮ್ಮ ಜಮಾನಾದ್ದು. ಜಾಹೀರಾತಿಲ್ಲ, ದುಡ್ಡು ಕೀಳೋದಿಲ್ಲ. ಅಪ್ಪಟ ಬಂಗಾರ!" ಪರದೆಯ ಮೇಲೆ 'ಬ್ಯಾಟ್‌ಮನ್ ಫಾರೆವರ್' ಎಂಬ ಹೊಡೆದಾಟದ ಆಟ. ಹುಡುಗಿ ಎರಡು ನಿಮಿಷ ಗುಂಡಿ ಒತ್ತಿದಳು. ಆಮೇಲೆ ತಲೆಯೆತ್ತಿ ಕೇಳಿದಳು:

"ಅಬ್ಬಾ, ಇದರಲ್ಲಿ ನಾನು ಯಾರು?"

ಎಲ್ಲರೂ ನಕ್ಕರು. ಭಾಯಿಜಾನ್ ಮಾತ್ರ ಈಗಿನ ಮಕ್ಕಳಿಗೆ ತಾಳ್ಮೆಯೇ ಇಲ್ಲವೆಂದು ಉಪನ್ಯಾಸ ಶುರುಮಾಡಿದರು. ಅಲ್ಲಿ ನಾವು ಸುಮ್ಮನಿದ್ದೆವು. ಮದುವೆ ಮನೆಯಲ್ಲಿ ಹಿರಿಯರೊಂದಿಗೆ ವಾದಕ್ಕಿಳಿಯುವುದು ನಮ್ಮಲ್ಲಿ ರೂಢಿಯಿಲ್ಲ. ಆದರೆ ಆ ಹುಡುಗಿಯ ಪ್ರಶ್ನೆ ಸರಿಯಾಗಿತ್ತು, ಅಪ್ಪನ ಉಪನ್ಯಾಸ ತಪ್ಪಾಗಿತ್ತು. ಅದನ್ನು ಇಲ್ಲಿ ಹೇಳಲೇಬೇಕಾಗಿದೆ. ಏಕೆಂದರೆ ಇದೇ ಪ್ರಶ್ನೆಯನ್ನು 1996ರ ಬೇಸಿಗೆ ರಜೆಯಲ್ಲಿ ನಾವೂ ಭಾಯಿಜಾನರೂ ಒಬ್ಬರನ್ನೊಬ್ಬರು ಎಷ್ಟು ಸಲ ಕೇಳಿಕೊಂಡಿದ್ದೆವೋ ಲೆಕ್ಕವಿಲ್ಲ.

ಚಾಚಾ ಆಗ ಜಿದ್ದಾದಲ್ಲಿದ್ದರು. ರಜೆಗೆ ಬಂದಾಗ ಸೋಪು, ಅತ್ತರು, ಕಂಬಳಿಗಳ ನಡುವೆ ಒಂದು ಗೇಮ್‌ಬಾಯ್ ತಂದಿದ್ದರು. ಜತೆಗೆ ಎರಡು ಕ್ಯಾಸೆಟ್ಟು. ಒಂದು ಟೆಟ್ರಿಸ್, ಇನ್ನೊಂದು ಇದೇ ಬ್ಯಾಟ್‌ಮನ್. ಆ ಯಂತ್ರದ ಪರದೆಗೆ ಹಿಂಬದಿಯ ಬೆಳಕಿರಲಿಲ್ಲ. ಹಾಗಾಗಿ ನಾವು ಆರು ಮಂದಿ ಮಕ್ಕಳು ತಾರಸಿಗೆ ಹೋಗಿ, ಬಿಸಿಲಿಗೆ ಬೆನ್ನು ಕೊಟ್ಟು, ಸರದಿಗಾಗಿ ಜಗಳವಾಡುತ್ತ ಆಡುತ್ತಿದ್ದೆವು. ನಾಲ್ಕು ಪೆನ್ಸಿಲ್ ಸೆಲ್ ಬೇಕಿತ್ತು. ಅವು ಮುಗಿದಾಗ ಗೋಡೆ ಗಡಿಯಾರದ ಸೆಲ್ಲನ್ನೂ ಕದ್ದಿದ್ದೇವೆ. ಮೊದಲ ಮೂರು ದಿನ ಎಲ್ಲರಿಗೂ ಬ್ಯಾಟ್‌ಮನ್ನೇ ಬೇಕು. ನಾಲ್ಕನೆಯ ದಿನದಿಂದ ಆ ಕ್ಯಾಸೆಟ್ಟನ್ನು ಯಾರೂ ಮುಟ್ಟಲಿಲ್ಲ. ಬೂದು ಹಸಿರು ಮಸುಕಿನಲ್ಲಿ ನಮ್ಮ ನಾಯಕ ಯಾರು, ಅವನನ್ನು ಹೊಡೆಯಲು ಬಂದ ರೌಡಿ ಯಾರು ಎಂಬುದೇ ತಿಳಿಯುತ್ತಿರಲಿಲ್ಲ. ರಜೆಯ ಕೊನೆಗೆ ಮನೆಯಲ್ಲಿ ಟೆಟ್ರಿಸ್ ಒಂದೇ ಉಳಿದದ್ದು. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಅಮ್ಮಿಯೂ ಅದನ್ನು ಆಡುತ್ತಿದ್ದರು, ನಮ್ಮೆಲ್ಲರಿಗಿಂತ ಚೆನ್ನಾಗಿ.

ಭಾಯಿಜಾನರಿಗೆ ತಾರಸಿಯ ಬಿಸಿಲು ನೆನಪಿದೆ, ಜಗಳ ನೆನಪಿದೆ, ಕದ್ದ ಸೆಲ್ಲೂ ನೆನಪಿದೆ. ಆಟ ಮಾತ್ರ ಮರೆತುಹೋಗಿದೆ. ಈಗ ಆ ಬಿಸಿಲಿನ ಹೊಳಪನ್ನೆಲ್ಲ ಆಟದ ತಲೆಗೆ ಕಟ್ಟುತ್ತಿದ್ದಾರೆ.

ಬರೀ ನೆನಪಿನ ಮೇಲೆ ವಾದ ಕಟ್ಟುವುದು ಬೇಡ. 'ಬ್ಯಾಟ್‌ಮನ್ ಫಾರೆವರ್' 1995ರ ಜೂನ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ಚಿತ್ರ. ನಿರ್ದೇಶಕ ಜೋಯಲ್ ಶೂಮಾಕರ್. ಬ್ಯಾಟ್‌ಮನ್ ಆಗಿ ವಾಲ್ ಕಿಲ್ಮರ್, ಖಳರಾಗಿ ಜಿಮ್ ಕ್ಯಾರಿ ಮತ್ತು ಟಾಮಿ ಲೀ ಜೋನ್ಸ್. ದೊಡ್ಡ ಚಿತ್ರವೇನಲ್ಲ, ಗದ್ದಲದ ಚಿತ್ರ. ಆದರೆ ಕತೆ ಬರೆಯುವವರಾಗಿ ಒಂದು ಮಾತು ಒಪ್ಪಬೇಕು: ಅದರೊಳಗೆ ಒಂದು ಕತೆಯಿತ್ತು. ಜಿಮ್ ಕ್ಯಾರಿಯ ಪಾತ್ರವಾದ ರಿಡ್ಲರ್ ಮನೆಮನೆಗೆ ಒಂದು ಪೆಟ್ಟಿಗೆ ಮಾರುತ್ತಾನೆ. ಟೀವಿಯ ಮೇಲಿಟ್ಟರೆ ಸಾಕು, ದೃಶ್ಯಗಳು ನೇರ ಮಿದುಳಿಗೇ ಇಳಿಯುತ್ತವೆ. ಜನ ಬಾಯಿಬಿಟ್ಟು ಕೂತಿರುವಾಗ ಅವರ ತಲೆಯೊಳಗಿನದು ಆತನ ತಲೆಗೆ ಹರಿದುಹೋಗುತ್ತದೆ. ಜನರ ಬಿಡುವಿನ ಹೊತ್ತನ್ನು ಹೀರುವ ಪೆಟ್ಟಿಗೆಯನ್ನೇ ಖಳನ ಆಯುಧವಾಗಿಸಿದ ಚಿತ್ರದ ಹೆಸರಿನಲ್ಲಿ, ಮಕ್ಕಳ ಬಿಡುವನ್ನು ಹೀರುವ ಇನ್ನೊಂದು ಪೆಟ್ಟಿಗೆಗೆ ಕ್ಯಾಸೆಟ್ಟು ಮಾರಿದರು! ಇರಲಿ, ಅದು ವ್ಯಾಪಾರ.

ನಮ್ಮ ತಕರಾರು ಬೇರೆ. ಆ ಚಿತ್ರದಲ್ಲಿ ಡಿಕ್ ಗ್ರೇಸನ್ ಎಂಬ ಹುಡುಗನಿದ್ದಾನೆ, ಮುಂದೆ ರಾಬಿನ್ ಆಗುವವನು. ಸರ್ಕಸ್ಸಿನಲ್ಲಿ ಅವನ ಮನೆಯವರೆಲ್ಲ ಟೂ-ಫೇಸ್ ಎಂಬ ಖಳನಿಂದ ಸಾಯುತ್ತಾರೆ. ಹುಡುಗ ಸೇಡಿಗಾಗಿ ಕುದಿಯುತ್ತಾನೆ. ಕೊಂದರೂ ಆ ಕುದಿ ಆರುವುದಿಲ್ಲವೆಂದು ಬ್ಯಾಟ್‌ಮನ್ ತಿಳಿಹೇಳುತ್ತಾನೆ. ಕೊನೆಗೆ ಆ ಖಳ ಅಂಚಿನಲ್ಲಿ ನೇತಾಡುತ್ತಿರುವಾಗ ಹುಡುಗ ಅವನನ್ನು ಬೀಳಗೊಡದೆ ಮೇಲೆತ್ತುತ್ತಾನೆ. ಟೂ-ಫೇಸ್‌ನ ಅಂತ್ಯವೂ ಮುಷ್ಟಿಯಿಂದಲ್ಲ. ನಾಣ್ಯ ಚಿಮ್ಮದೆ ಯಾವ ತೀರ್ಮಾನವನ್ನೂ ಮಾಡದ ಆತ ನಾಣ್ಯವನ್ನು ಮೇಲಕ್ಕೆ ಚಿಮ್ಮಿದಾಗ ಬ್ಯಾಟ್‌ಮನ್ ಒಂದು ಹಿಡಿ ನಾಣ್ಯ ಎರಚುತ್ತಾನೆ. ತನ್ನದು ಯಾವುದೆಂದು ತಿಳಿಯದೆ ಆತ ಕಾಲು ತಪ್ಪಿ ಬೀಳುತ್ತಾನೆ. ಇಂಥ ಕತೆಯನ್ನು ಕೈಗೆ ಕೊಟ್ಟರೆ, ಆಟ ಮಾಡಿದವರು ಅದರಿಂದ ಎತ್ತಿಕೊಂಡದ್ದೇನು? ಬಲಕ್ಕೆ ನಡೆ, ಗುದ್ದು, ಒದೆ. ಮತ್ತೆ ಬಲಕ್ಕೆ ನಡೆ, ಗುದ್ದು, ಒದೆ. ಎತ್ತಿದ ಕೈಯನ್ನು ತಡೆದುಕೊಳ್ಳಬೇಕೇ ಎಂಬ ಪ್ರಶ್ನೆಯೇ ಹುಡುಗನ ಇಡೀ ಕತೆ. ಆಟದಲ್ಲಿ ಕೈ ಎತ್ತುವುದೊಂದೇ ಕೆಲಸ.

ಹೊಡೆದಾಟದ ಆಟ ಆಡಿದ ಮಕ್ಕಳು ಬೀದಿಯಲ್ಲಿ ಹೊಡೆದಾಡುತ್ತಾರೆಂದು ಎಚ್ಚರಿಸುವ ಹಿರಿಯರ ಸಾಲಿನಲ್ಲಿ ನಮ್ಮನ್ನು ನಿಲ್ಲಿಸಬೇಡಿ. ಆ ಬ್ಯಾಟ್‌ಮನ್ ಆಡಿ ನಾವು ಯಾರಿಗೂ ಗುದ್ದಲಿಲ್ಲ. ಗುದ್ದಾಡಿದ್ದು ಸರದಿಗಾಗಿ, ಅದೂ ಹೆಚ್ಚಾಗಿ ಟೆಟ್ರಿಸ್‌ಗಾಗಿ.

"ಪಾಪ, ಅಂದಿನ ಯಂತ್ರದ ಶಕ್ತಿಯೇ ಅಷ್ಟು" ಎನ್ನುತ್ತಾರೆ ಭಾಯಿಜಾನರಂಥವರು. ಇದು ಅರ್ಧ ಸತ್ಯ. ಗೇಮ್‌ಬಾಯ್‌ನ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು. ನಾಲ್ಕೇ ಛಾಯೆ. ವೇಗವಾಗಿ ಚಲಿಸಿದ್ದೆಲ್ಲ ಹಿಂದೆ ಮಸುಕು ಬಿಟ್ಟುಹೋಗುತ್ತಿತ್ತು. ಇದು ದಡ್ಡತನವಲ್ಲ. ನಿಂಟೆಂಡೋದ ಗುನ್ಪೇ ಯೊಕೊಯಿ ಮತ್ತು ಅವರ ತಂಡ, ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ಉಪಯೋಗಕ್ಕೆ ತರಬೇಕೆಂದು ತಿಳಿದೇ ಮಾಡಿದ ಆಯ್ಕೆ. ಸೆಲ್ಲು ಹೆಚ್ಚು ಹೊತ್ತು ಬಾಳಲಿ, ಬೆಲೆ ಕೈಗೆಟುಕಲಿ ಎಂಬ ಲೆಕ್ಕಾಚಾರ. ಆ ಚಿಕ್ಕ ಪರದೆಗೆ ಏನು ಹೊಂದುತ್ತದೆಂದು ಅರಿತವರಿಗೆ ಅದು ಒಲಿಯಿತು. ಬೀಳುವ ಇಟ್ಟಿಗೆಗಳಿಗೆ ನಾಲ್ಕು ಛಾಯೆ ಧಾರಾಳ.

ಬ್ಯಾಟ್‌ಮನ್ ಆಟವನ್ನು ಮಾಡಿದ್ದು ಬ್ರಿಟನ್ನಿನ ಪ್ರೋಬ್, ಮಾರಿದ್ದು ಅಮೆರಿಕದ ಅಕ್ಲೇಮ್. ಇವರು ಹಿಂದೆ 'ಮಾರ್ಟಲ್ ಕೊಂಬ್ಯಾಟ್' ಎಂಬ ಆಟವನ್ನು ಮನೆಯ ಯಂತ್ರಗಳಿಗೆ ಇಳಿಸಿ ದುಡ್ಡು ಕಂಡವರು. ನಟರನ್ನು ಚಿತ್ರೀಕರಿಸಿ ಆ ಚಿತ್ರಗಳನ್ನೇ ಆಟದ ಬೊಂಬೆಗಳಾಗಿ ಬಳಸುವುದು ಅದರ ವಿಶೇಷ. ಅದೇ ಅಚ್ಚಿಗೆ ಬ್ಯಾಟ್‌ಮನ್ನನ್ನೂ ಸುರಿದರು. ದೊಡ್ಡ ಟೀವಿಯಲ್ಲಿ ಅದು ಹೇಗೋ ನಡೆದೀತು. ಆದರೆ ಮನುಷ್ಯನ ಫೋಟೋವನ್ನು ನಾಲ್ಕು ಛಾಯೆಯ ಬೆರಳುದ್ದದ ಪರದೆಗೆ ಇಳಿಸಿದರೆ ಉಳಿಯುವುದು ಒಂದು ಕಲೆ ಮಾತ್ರ. ಅಂಗಡಿಯ ದೊಡ್ಡ ಯಂತ್ರದಲ್ಲಿ ಮಾರ್ಟಲ್ ಕೊಂಬ್ಯಾಟ್‌ಗೆ ಐದು ಗುಂಡಿಗಳಿದ್ದವು. ಗೇಮ್‌ಬಾಯ್‌ನಲ್ಲಿ ಹೊಡೆಯಲು ಬಡಿಯಲು ಇದ್ದದ್ದು ಎರಡೇ. ಹಾಗಾದರೆ ಅದು ಆಗದ ಕೆಲಸವೇ? ಜಪಾನಿನ ಟಕಾರಾ ಕಂಪನಿ 1996ರಲ್ಲಿ 'ಕಿಂಗ್ ಆಫ್ ಫೈಟರ್ಸ್ 95' ಎಂಬ ಹೊಡೆದಾಟದ ಆಟವನ್ನು ಇದೇ ಗೇಮ್‌ಬಾಯ್‌ಗೆ ತಂದಿತು. ಅವರು ಫೋಟೋದ ಹಿಂದೆ ಬೀಳಲಿಲ್ಲ. ದೊಡ್ಡ ತಲೆ, ಗಿಡ್ಡ ಮೈಯ ಬೊಂಬೆಗಳನ್ನು ಹೊಸದಾಗಿ ಬರೆದರು. ಮುಖ ದೊಡ್ಡದಾದ್ದರಿಂದ ಯಾರು ಯಾರೆಂದು ಮಗುವಿಗೂ ತಿಳಿಯಿತು. ಗುಂಡಿಯನ್ನು ತಟ್ಟಿ ಬಿಟ್ಟರೆ ಹಗುರ ಹೊಡೆತ, ಒತ್ತಿ ಹಿಡಿದರೆ ಭಾರಿ ಹೊಡೆತ. ಎರಡು ಗುಂಡಿ ನಾಲ್ಕಾಯಿತು! ಯಂತ್ರ ಅದೇ, ಸೆಲ್ಲು ಅದೇ. ಬೇರೆಯಾದದ್ದು ಆಡುವ ಮಗುವಿನ ಕಣ್ಣನ್ನು ಲೆಕ್ಕಕ್ಕೆ ಹಿಡಿದರೋ ಇಲ್ಲವೋ ಎಂಬುದು.

ಲೆಕ್ಕಕ್ಕೆ ಹಿಡಿಯುವ ಅಗತ್ಯ ಸಿನಿಮಾದ ಹೆಸರಿನ ಆಟಗಳಿಗೆ ಇರಲೇ ಇಲ್ಲ. ಡಬ್ಬಿಯ ಮೇಲಿನ ಹೆಸರೇ ಅದನ್ನು ಮಾರಿಕೊಡುತ್ತಿತ್ತು. ಅಟಾರಿ ಕಂಪನಿ 1982ರಲ್ಲಿ 'ಇ.ಟಿ.' ಚಿತ್ರದ ಆಟವನ್ನು ಕ್ರಿಸ್‌ಮಸ್ ಮಾರಾಟಕ್ಕೆ ಮುಟ್ಟಿಸಲೆಂದು ಒಬ್ಬ ಪ್ರೋಗ್ರಾಮರ್‌ನಿಂದ ಐದೇ ವಾರಗಳಲ್ಲಿ ಬರೆಸಿತು. ಮಾರಾಟವಾಗದೆ ಉಳಿದ ಕ್ಯಾಸೆಟ್ಟುಗಳು ನ್ಯೂ ಮೆಕ್ಸಿಕೋದ ಕಸದ ಗುಂಡಿ ಸೇರಿದವು. 2014ರಲ್ಲಿ ಅಗೆದು ತೆಗೆದಾಗ ಜಗತ್ತೇ ನೋಡಿತು. ಅದಕ್ಕೆ ಎದುರಾಗಿ 'ಗೋಲ್ಡನ್‌ಐ' ಆಟ ಚಿತ್ರ ಬಂದು ಸುಮಾರು ಎರಡು ವರ್ಷ ಕಳೆದು, 1997ರಲ್ಲಿ ಬಂತು. ತಡವಾಗಿ ಬಂದದ್ದಕ್ಕೆ ಯಾರೂ ಅದನ್ನು ಬೈಯಲಿಲ್ಲ. ಇಂದಿಗೂ ಜನ ಅದನ್ನು ಮೆಚ್ಚಿ ನೆನೆಯುತ್ತಾರೆ.

"ನಮ್ಮ ಜಮಾನಾದಲ್ಲಿ ದುಡ್ಡು ಕೀಳುತ್ತಿರಲಿಲ್ಲ" ಎಂಬ ಭಾಯಿಜಾನರ ಮಾತಿಗೆ ಈಗ ಬರೋಣ. ಇಂದಿನ ಮೊಬೈಲ್ ಆಟಗಳ ಲೂಟಿಯನ್ನು ನಾವು ಅಲ್ಲಗಳೆಯುವುದಿಲ್ಲ. ಪುಕ್ಕಟೆಯೆಂದು ಕರೆದು ಹೆಜ್ಜೆಹೆಜ್ಜೆಗೆ ರತ್ನ, ನಾಣ್ಯ, ಕತ್ತಿಗಳನ್ನು ಮಾರುವ ಈ ವ್ಯವಸ್ಥೆಗೆ ಲಗಾಮು ಬೇಕೇಬೇಕು. ಆದರೆ ಹಿಂದೆ ಲೂಟಿ ಇರಲಿಲ್ಲವೇ? ಇತ್ತು, ಒಂದೇ ಏಟಿಗೆ ಇತ್ತು. ಚಾಚಾ ಜಿದ್ದಾದ ಸೆಖೆಯಲ್ಲಿ ದುಡಿದ ರಿಯಾಲುಗಳಿಂದ ಆ ಕ್ಯಾಸೆಟ್ಟು ಕೊಂಡರು. ಅದರೊಳಗೆ ಏನಿದೆಯೆಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಡಬ್ಬಿ ಒಡೆದ ಮೇಲೆ ವಾಪಸು ಕೊಡಲು ಜಿದ್ದಾಗೆ ಹೋಗುವವರು ಯಾರು? ಆ ದುಡ್ಡು ಕಿತ್ತದ್ದಲ್ಲವೇ? ಚಾಚಾರಿಗೆ ಬೇಸರವಾದೀತೆಂದು ಅವರ ಮುಂದೆ ಬ್ಯಾಟ್‌ಮನ್ ಆಡುವ ನಾಟಕ ಮಾಡುತ್ತಿದ್ದೆವು. ನೆನಪಿಲ್ಲವೇ ಭಾಯಿಜಾನ್? ಆ ನಾಟಕದ ಮುಂದಾಳು ನೀವೇ ಅಲ್ಲವೇ?

ಹಳೆಯ ಆಟವನ್ನು ಮುದ್ದಿಸಲಿ, ನಮ್ಮದೇನೂ ಅಡ್ಡಿಯಿಲ್ಲ. ಅದನ್ನು ಬೆತ್ತ ಮಾಡಿಕೊಂಡು ಮಗಳ ಮೇಲೆ ಬೀಸಿದಾಗ ಮಾತ್ರ ತಕರಾರು. ನಾವು ಮೂರು ದಿನದಲ್ಲಿ ಬಿಸಾಡಿದ್ದನ್ನು ಅವಳು ಎರಡು ನಿಮಿಷದಲ್ಲಿ ಕೆಳಗಿಟ್ಟಳು. ಇದರಲ್ಲಿ ತಾಳ್ಮೆಗೇಡಿತನ ಎಲ್ಲಿಂದ ಬಂತು?

ಹಾಗೆಂದು ಇಂಥ ಆಟಗಳನ್ನು ಮತ್ತೆ ಮರಳಿನಲ್ಲಿ ಹೂಳಬೇಕೆಂದು ನಮ್ಮ ವಾದವಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟನ್ನು ಇಂದು ಅಂಗಡಿಯಲ್ಲಿ ಕೊಳ್ಳಲಾಗದು. ಗೇಮ್‌ಬಾಯ್ ಆಟಗಳಲ್ಲಂತೂ ಶೇ. 6ರಷ್ಟೂ ಸಿಗುವುದಿಲ್ಲ. ಸಿನಿಮಾ ಹೆಸರಿನ ಆಟಗಳ ಪಾಡು ಇನ್ನೂ ಕಷ್ಟ. ಹೆಸರಿನ ಪರವಾನಗಿಯ ಅವಧಿ ಮುಗಿದ ಮೇಲೆ ಆಟವನ್ನು ಮತ್ತೆ ಮಾರಬೇಕೆಂದರೆ ಹೆಸರಿನ ಒಡೆಯರು ಮತ್ತೆ ಒಪ್ಪಬೇಕು. ಅಕ್ಲೇಮ್ ಕಂಪನಿ 2004ರಲ್ಲೇ ದಿವಾಳಿಯಾಯಿತು. ಇನ್ನು ಕೇಳುವವರಾದರೂ ಯಾರು? ಹೀಗಾಗಿ ಭಾಯಿಜಾನರ ಜೇಬಿನ ಯಂತ್ರದಲ್ಲಿರುವುದು ಯಾರ ಅಪ್ಪಣೆಯೂ ಇಲ್ಲದ ನಕಲು. ಗ್ರಂಥಾಲಯಗಳು ಹಳೆಯ ಪತ್ರಿಕೆಗಳನ್ನು, ಅವುಗಳಲ್ಲಿನ ಸುಳ್ಳು ಜಾಹೀರಾತುಗಳ ಸಮೇತ ಕಾಪಿಡುವಂತೆ ಈ ಆಟಗಳನ್ನೂ ಕಾಪಿಡಬೇಕು. ಕಾಪಿಟ್ಟರೆ ತಾನೇ ನಾಳೆ ಯಾರಾದರೂ 'ಬಂಗಾರ' ಎಂದಾಗ ಒರೆಗೆ ಹಚ್ಚಿ ತೋರಿಸಲು ಸಾಧ್ಯ?

ಅಂದಹಾಗೆ, ಅಂದು ಭಾಯಿಜಾನ್ ಆ ಆಟವನ್ನು ಪೂರ್ತಿ ಮುಗಿಸಿದ್ದೇನೆಂದು ಹೆಮ್ಮೆಯಿಂದ ಹೇಳಿದರು. ಹೇಗೆಂದು ಆಮೇಲೆ ಅವರ ಮಗಳೇ ನಮಗೆ ಗುಟ್ಟಾಗಿ ತೋರಿಸಿದಳು. ಹೊಸ ಯಂತ್ರದ ಪರದೆಗೆ ಒಳಗಿನಿಂದ ಬೆಳಕಿದೆ. ಬೇಕೆಂದ ಕ್ಷಣದಲ್ಲಿ ಆಟವನ್ನು ನಿಲ್ಲಿಸಿ ಕೂಡಿಡುವ ಸೌಲಭ್ಯವಿದೆ; ಏಟು ತಿಂದರೆ ಹಿಂದಕ್ಕೆ ಹೋಗಿ ಅಲ್ಲಿಂದಲೇ ಮತ್ತೆ ಆಡಬಹುದು. 1996ರ ಕ್ಯಾಸೆಟ್ಟಿನಲ್ಲಿ ಇವ್ಯಾವುವೂ ಇರಲಿಲ್ಲ.

ಚಾಚಿ ಆ ಹಳೆಯ ಗೇಮ್‌ಬಾಯನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾರೆ, ಕ್ಯಾಸೆಟ್ಟೂ ಇದೆ. ಈದ್‌ಗೆ ನಾವು ಮತ್ತೆ ಶಿವಮೊಗ್ಗಕ್ಕೆ ಹೋಗುವವರಿದ್ದೇವೆ. ನಾಲ್ಕು ಪೆನ್ಸಿಲ್ ಸೆಲ್ಲು ನಾವೇ ಒಯ್ಯುತ್ತೇವೆ. ಭಾಯಿಜಾನ್ ತಾರಸಿಗೆ ಬರಲಿ, ಬಿಸಿಲಿಗೆ ಬೆನ್ನು ಕೊಟ್ಟು ಕೂರಲಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಹಂತವನ್ನಾದರೂ ದಾಟಿ ತೋರಿಸಲಿ.