ಸ್ಪೀಕರ್ ಬದಲಿಸೋ ಮೊದಲು ಟೇಪು ಹಿಡೀರಿ

ನಮ್ಮ ಹಾಸ್ಟೆಲಿನಲ್ಲಿ ಕಾರ್ ಆಡಿಯೋ ಬಗ್ಗೆ ಮಾತು ಶುರುವಾದರೆ ಅದು ವ್ಯಾಟ್‌ನಲ್ಲಿ ಶುರುವಾಗಿ ರೂಪಾಯಿಯಲ್ಲಿ ಮುಗಿಯುತ್ತೆ. ಯಾರ ಆಂಪ್ ಎಷ್ಟು ವ್ಯಾಟ್, ಯಾರ ಡಿಕ್ಕಿಯಲ್ಲಿ ಎಷ್ಟು ಇಂಚಿನ ವೂಫರ್, ಬರೀ ಇದೇ. ಕ್ರಾಸ್‌ಓವರ್ ಎಷ್ಟಕ್ಕೆ ಇಟ್ಟಿದ್ದೀಯ, ಟ್ವೀಟರ್ ಯಾವ ಕಡೆ ಮುಖ ಮಾಡಿದೆ ಅಂತ ಕೇಳಿದವರನ್ನು ನಾವಂತೂ ನೋಡಿಲ್ಲ. ಹೆಚ್ಚು ಖರ್ಚಿಲ್ಲದ ಈ ಎರಡು ಕೆಲಸ ಮಾಡದೆ ಹೊಸ ಸ್ಪೀಕರ್ ತರೋದು ದಂಡ ಅನ್ನೋದು ನಮ್ಮ ವಾದ.

ಈ ವಾದ ಹುಟ್ಟಿದ್ದು ಶಿಕಾರಿಪುರದ ಹತ್ತಿರದ ಅಂಜನಾಪುರದಲ್ಲಿ. ರಜೆಗೆ ಅಲ್ಲಿನ ಗೆಳೆಯನ ಮನೆಗೆ ಮೂರು ಜನ ಹೋಗಿದ್ದೆವು. ಅವನ ಅಪ್ಪ ಆಸೆಪಟ್ಟು ಕಾರಿಗೆ ಬಾಗಿಲಿನ ಸ್ಪೀಕರ್, ಟ್ವೀಟರ್ ಎಲ್ಲಾ ಹಾಕಿಸಿದ್ದರು. ಒಂದೇ ತಿಂಗಳಿಗೆ ಹಾಡು ಹಾಕೋದನ್ನೇ ಬಿಟ್ಟಿದ್ದರು. "ಕಿವಿ ಕುಯ್ದಂಗಾಗ್ತದೆ ತಮ್ಮಾ, ಮಾತು ಮಾತ್ರ ತಿಳಿಯಲ್ಲ" ಅಂದರು. ಗೆಳೆಯ ಆಗಲೇ ಇನ್ನೂ ದುಬಾರಿ ಸೆಟ್ ಹುಡುಕುತ್ತಿದ್ದ. ದುಡ್ಡು ಅಪ್ಪನದೇ, ಅದೂ ಅಡಿಕೆ ಮಾರಿ ಬಂದಿದ್ದು.

ಕಾರನ್ನು ಜಲಾಶಯದ ಏರಿಯ ಹತ್ತಿರ ಒಯ್ದು ಎಂಜಿನ್ ಆಫ್ ಮಾಡಿದೆವು. ಕುಮುದ್ವತಿ ನೀರು, ಗಾಳಿ ಬಿಟ್ಟರೆ ಸದ್ದಿಲ್ಲ. ಟ್ಯೂನ್ ಮಾಡೋಕೆ ಇಂಥ ಜಾಗವೇ ಬೇಕು. ಮೊದಲು ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ 'ಕಾಡು ಕುದುರೆ' ಚಿತ್ರದ ಹಾಡು ಹಾಕಿದೆವು. ಆಮೇಲೆ ಒಬ್ಬ ಮೊಬೈಲಿನಲ್ಲಿ "ಸೊರಬ, ಶಿಕಾರಿಪುರ, ಶಿರಾಳಕೊಪ್ಪ" ಅಂತ ರೆಕಾರ್ಡ್ ಮಾಡಿ ಅದನ್ನೇ ಪ್ಲೇ ಮಾಡಿದ. ತಮಾಷೆ ಅನ್ನಿಸಬಹುದು, ಆದರೆ ರೋಗ ಗೊತ್ತಾಗಿದ್ದು ಅದರಲ್ಲೇ. 'ಸೊರಬ'ದ 'ಸ್' ಗಾಜಿನ ಪಕ್ಕದಿಂದ ಚುಚ್ಚುತ್ತೆ, ಉಳಿದ 'ಒರಬ' ಮೊಣಕಾಲ ಹತ್ತಿರದಿಂದ ಬರುತ್ತೆ. ಒಬ್ಬನೇ ಮನುಷ್ಯನ ಬಾಯಿ ಎರಡು ಕಡೆ!

ಟ್ವೀಟರ್ ವೈರಿಗೆ ಇದ್ದಿದ್ದು ಒಂದೇ ಒಂದು ಕೆಪಾಸಿಟರ್, 4.7 ಮೈಕ್ರೋಫ್ಯಾರಡ್. 4 ಓಮ್ ಲೋಡಿಗೆ ಲೆಕ್ಕ ಹಾಕಿ ನೋಡಿ, ಮೂರನೇ ಸೆಮ್‌ನ ಸೂತ್ರವೇ ಸಾಕು: ಕಟ್‌ಆಫ್ ಸುಮಾರು 8,500 ಹರ್ಟ್ಸ್. ಆರೂವರೆ ಇಂಚಿನ ಬಾಗಿಲ ಸ್ಪೀಕರ್ 3,000 ಹರ್ಟ್ಸ್ ದಾಟಿದ ಮೇಲೆ ಟಾರ್ಚಿನ ಹಾಗೆ ನೇರಕ್ಕಷ್ಟೇ ಸದ್ದು ಬಿಡುತ್ತೆ, ಆ ನೇರದಲ್ಲಿ ಇರೋದು ಕಾಲು. ಅಂದರೆ ನಡುವಿನ ಇಡೀ ಪಟ್ಟಿ ಖಾಲಿ. 'ಶ', 'ಸ' ಗಳ ಮುಖ್ಯ ಶಕ್ತಿ ಇರೋದು ಅಲ್ಲೇ. ಮಾತು ತಿಳಿಯಲಿ ಅಂತ ಅಪ್ಪ ಟ್ರೆಬಲ್ ಏರಿಸಿದ್ದರು, ಏರಿದ್ದು ಮಾತ್ರ ಚುಚ್ಚೋ ಭಾಗ.

ಹಾಗಂತ ಕೆಪಾಸಿಟರ್ ದೊಡ್ಡದು ಮಾಡಿ ಕೈತೊಳೆದುಕೊಳ್ಳೋ ಹಾಗಿಲ್ಲ. 10 ಮೈಕ್ರೋಫ್ಯಾರಡ್ ಹಾಕಿದರೆ 4,000ಕ್ಕೆ ಇಳಿಯುತ್ತೆ, ಸರಿ. ಆದರೆ ಇಳಿಜಾರು ಆಕ್ಟೇವಿಗೆ 6 ಡಿಬಿ ಮಾತ್ರ. 1,000 ಹರ್ಟ್ಸ್‌ನಲ್ಲಿ ಇನ್ನೂ ಹದಿನಾರನೇ ಒಂದು ಭಾಗ ಪವರ್ ಟ್ವೀಟರಿಗೆ ಹೋಗುತ್ತೆ, ವಾಲ್ಯೂಮ್ ಏರಿಸಿದ ದಿನ ಕಾಯಿಲ್ ಸುಡುತ್ತೆ. ಪುಣ್ಯಕ್ಕೆ ಅವರ ಹೆಡ್ ಯೂನಿಟ್‌ನಲ್ಲಿ ನೆಟ್‌ವರ್ಕ್ ಮೋಡ್ ಇತ್ತು. ಹಿಂದಿನ ಸ್ಪೀಕರ್‌ಗಳ ಎರಡು ಚಾನೆಲ್ ಬಿಡಿಸಿ ಟ್ವೀಟರ್‌ಗೆ ಕೊಟ್ಟು, ಹಳೇ ಕೆಪಾಸಿಟರ್ ತೆಗೆದು, 4,000 ಹರ್ಟ್ಸ್, 24 ಡಿಬಿಗೆ ಇಟ್ಟೆವು. 1976ರಲ್ಲಿ ಲಿಂಕ್‌ವಿಟ್ಜ್ ಬರೆದ ಪ್ರಬಂಧದಿಂದ ಬಂದ ಈ ಜಾತಿಯ ಫಿಲ್ಟರಿನಲ್ಲಿ ಎರಡೂ ಕಡೆ 6 ಡಿಬಿ ಇಳಿದು, ಒಂದೇ ಫೇಸ್‌ನಲ್ಲಿ ಕೂಡಿ ಸಮವಾಗುತ್ತೆ. ಅದು ಕಾಗದದ ಮಾತು. 4,000 ಹರ್ಟ್ಸ್‌ನ ತರಂಗ ಎಂಟೂವರೆ ಸೆಂಟಿಮೀಟರ್ ಅಷ್ಟೇ. ಟ್ವೀಟರ್ ನಾಲ್ಕು ಸೆಂಟಿಮೀಟರ್ ಹಿಂದೆ ಸರಿದರೂ ಕೂಡಬೇಕಾದ್ದು ಕಳೆಯುತ್ತೆ. ಅದಕ್ಕೇ ಟ್ವೀಟರಿನ ಪ್ಲಸ್ ಮೈನಸ್ ಅದಲು ಬದಲು ಮಾಡಿ, ಯಾವುದರಲ್ಲಿ ದನಿ ತುಂಬಿ ಬರುತ್ತೋ ಅದನ್ನು ಉಳಿಸಿಕೊಂಡೆವು.

ಜಗಳ ಆಗಿದ್ದು ಜಾಗದ ವಿಷಯಕ್ಕೆ. ಟೇಪು ಹಿಡಿದರೆ ಡ್ರೈವರ್ ತಲೆಗೆ ಬಲ ಟ್ವೀಟರ್ 85 ಸೆಂಟಿಮೀಟರ್, ಎಡದ್ದು 135. ಸುಮಾರು ಒಂದೂವರೆ ಮಿಲಿಸೆಕೆಂಡ್ ವ್ಯತ್ಯಾಸ. ನಮ್ಮ ಎರಡು ಕಿವಿಗಳ ನಡುವೆ ಸಹಜವಾಗಿ ಬರೋ ಅತಿ ಹೆಚ್ಚಿನ ಅಂತರವೇ ಮುಕ್ಕಾಲು ಮಿಲಿಸೆಕೆಂಡ್ ದಾಟಲ್ಲ. ಮೊದಲು ಬಂದ ಕಡೆಗೇ ಕಿವಿ ವಾಲುತ್ತೆ, ಹಾಡೆಲ್ಲಾ ಬಲಗಿಟಕಿಗೆ ಅಂಟುತ್ತೆ. ನಾವು ಜಾಣರಾಗಿ ಬಲಕ್ಕೆ ಡಿಲೇ ಕೊಟ್ಟೆವು. ಡ್ರೈವರ್ ಸೀಟಿನಲ್ಲಿ ಗಾಯಕ ಡ್ಯಾಶ್‌ಬೋರ್ಡಿನ ನಡುವೆ ಬಂದು ನಿಂತ. ಸಂಜೆ ಗೆಳೆಯನ ಅವ್ವ ಎಡಗಡೆ ಕೂತು, "ಈಗೆಲ್ಲಾ ನನ್ನ ಕಿವೀಗೇ ಬಡೀತದಲ್ಲ" ಅಂದರು. ಸರಿಯೇ, ನಾವು ಅವರ ಪಾಲನ್ನು ಕಿತ್ತು ಇವರಿಗೆ ಕೊಟ್ಟಿದ್ದೆವು.

ಯೂಟ್ಯೂಬ್ ಪಂಡಿತರು ಒಂದು ಸೀಟಿಗೆ ಟ್ಯೂನ್ ಮಾಡಿ ಅಂತಾರೆ. ಸ್ಪರ್ಧೆಗಾದರೆ ಸರಿ. ಮನೆಯವರೆಲ್ಲ ಕೂರೋ ಕಾರಿಗೆ ಅದು ತಪ್ಪು ಅಂತಲೇ ನಮ್ಮ ಅಭಿಪ್ರಾಯ. ಡಿಲೇ ತೆಗೆದು, ಟ್ವೀಟರ್‌ಗಳನ್ನು ಕನ್ನಡಿ ಪಕ್ಕದ ತ್ರಿಕೋನದ ಮೇಲೆ ಡಬಲ್ ಟೇಪಿನಲ್ಲಿ ಅಂಟಿಸಿ, ಬಲದ್ದನ್ನು ಎಡ ಸೀಟಿನ ತಲೆಗೆ, ಎಡದ್ದನ್ನು ಡ್ರೈವರ್ ತಲೆಗೆ ಗುರಿ ಮಾಡಿದೆವು. ಹತ್ತಿರದ ಟ್ವೀಟರ್ ಓರೆಯಾಗಿ ಕೇಳೋದರಿಂದ ಅದರ ಮೇಲಿನ ಸ್ವರ ತಾನೇ ತಗ್ಗುತ್ತೆ. ದೂರದ್ದು ನೇರ ಬರುತ್ತೆ. ಗಾಯಕ ಪೂರ್ತಿ ನಡುವೆ ಬರಲಿಲ್ಲ, ಆದರೆ ಇಬ್ಬರಿಗೂ ಗಿಟಕಿ ಬಿಟ್ಟು ಈಚೆ ಬಂದ. ಅಂದಹಾಗೆ, ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಡ್ರಿಲ್ ಹಾಕೋ ಆಸೆ ಇದ್ದರೆ ಮೊದಲು ಅಲ್ಲಿ ಕರ್ಟನ್ ಏರ್‌ಬ್ಯಾಗ್ ಇದೆಯಾ ನೋಡಿ. ಇದ್ದರೆ ಆ ಕಂಬ ಮುಟ್ಟಲೇಬೇಡಿ. ಅದು ಬಿಚ್ಚಿಕೊಂಡಾಗ ಟ್ವೀಟರ್ ಹಾರಿ ಬರೋದು ಮುಖಕ್ಕೇ.

ಒಟ್ಟು ಖರ್ಚು ವೈರು, ಟೇಪು ಸೇರಿ ನೂರು ರೂಪಾಯಿ ದಾಟಲಿಲ್ಲ. ಮರುದಿನ ಸೊರಬಕ್ಕೆ ಹೋಗುವಾಗ ಶಿರಾಳಕೊಪ್ಪ ದಾಟಿದ ಮೇಲೆ ಅಪ್ಪ ತಾವಾಗಿ ವಾಲ್ಯೂಮ್ ಏರಿಸಿದರು. ಆಗ ಎಡಬಾಗಿಲಿನ ಪ್ಯಾನೆಲ್ ಗಡಗಡ ಅನ್ನೋದು ಕೇಳಿಸಿತು. ಅದನ್ನು ಮುಂದಿನ ರಜೆಗೆ ಇಟ್ಟುಕೊಂಡಿದ್ದೇವೆ.